ಅಜ್ಜಿಯ ಹಲ್ಲಿನ ಸೆಟ್ಟು ಮತ್ತು ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ

ಕಳೆದ ವರ್ಷ ನಮ್ಮ ಅಜ್ಜಿ ಊಟ ಬಿಟ್ಟಿದ್ದರು. ಮುದ್ದೆ, ಸಾರು ಹಾಗಿರಲಿ, ಮಜ್ಜಿಗೆ ಅನ್ನ ತಿಂದರೂ ಬಾಯಿ ಉರಿಯುತ್ತದೆ ಎನ್ನುತ್ತಿದ್ದರು. ಮೇಲಿನ ಹಲ್ಲಿನ ಸೆಟ್ಟು ತೆಗೆದು ನೋಡಿದರೆ ಅಂಗುಳವೆಲ್ಲ ಕೆಂಪು. ಫಂಗಸ್ ಸೋಂಕು ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು, ವಾಸಿಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬಂತು. ಈ ಸಲ ನಾನೇ ಬುದ್ಧಿವಂತನಾಗಿ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತಂದೆ. ಉರಿ ಕಡಿಮೆಯಾದ ಕೂಡಲೇ ಅಜ್ಜಿ ಮಾತ್ರೆ ನಿಲ್ಲಿಸಿದರು. ನಾನೂ ಕೇಳಲು ಹೋಗಲಿಲ್ಲ. ಮೂರನೇ ಸಲ ಬಂದಾಗ ಅದೇ ಮಾತ್ರೆ ಪೂರ್ತಿ ನುಂಗಿದರೂ ಏನೂ ಆಗಲಿಲ್ಲ. ಅಷ್ಟರಲ್ಲಿ ಅಜ್ಜಿ ಸೊರಗಿ ಹೋಗಿದ್ದರು.

ಕೊನೆಗೆ ದಂತವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಅವರು ಅಜ್ಜಿಯ ಬಾಯಿಗಿಂತ ಹೆಚ್ಚು ಹೊತ್ತು ಸೆಟ್ಟನ್ನೇ ನೋಡಿದರು. ಅದರ ಒಳಮೈಯನ್ನು ಸಣ್ಣ ಉಪಕರಣದಿಂದ ಕೆರೆದರೆ ಹಿಟ್ಟಿನಂಥ ಬಿಳಿ ಲೋಳೆ ಬಂತು. ನಾವು ಬಾಯಿಗೆ ಔಷಧ ಕೊಡುತ್ತಿದ್ದೆವು, ಫಂಗಸ್ ಮನೆ ಮಾಡಿಕೊಂಡಿದ್ದದ್ದು ಪ್ಲಾಸ್ಟಿಕ್ಕಿನ ಮೇಲೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ, ಔಷಧ ಇದರ ಒಳಗೆ ಸರಿಯಾಗಿ ಇಳಿಯುವುದಿಲ್ಲ ಎಂದು ವಿವರಿಸಿದರು.

ನಾನು ಓದುತ್ತಿರುವುದು ಬಿಇ. ಔಷಧದ ಗಂಧ ಗೊತ್ತಿಲ್ಲ. ಆದರೂ ಆ ಪದ ಹಿಡಿದು ಹುಡುಕುತ್ತಾ ಹೋದೆ. ಕೊನೆಗೆ ಹೋಗಿ ನಿಂತದ್ದು ಮುನ್ನೂರು ವರ್ಷಗಳ ಹಿಂದೆ ತೀರಿಹೋದ ಒಬ್ಬ ಬಟ್ಟೆ ವ್ಯಾಪಾರಿಯ ಮುಂದೆ. ಹೆಸರು ಆಂಟನಿ ವಾನ್ ಲೀವೆನ್‌ಹುಕ್. ಹೈಸ್ಕೂಲಿನಲ್ಲಿ ಸೂಕ್ಷ್ಮದರ್ಶಕದ ಪಾಠದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವ ಹೆಸರು. ಒಂದು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡಿದ್ದು ಬಿಟ್ಟರೆ ಆತನ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ.

ಲೀವೆನ್‌ಹುಕ್ ಹುಟ್ಟಿದ್ದು 1632ರ ಅಕ್ಟೋಬರ್‌ನಲ್ಲಿ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ. ಅಪ್ಪ ಬುಟ್ಟಿ ಹೆಣೆಯುತ್ತಿದ್ದರು. ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಹದಿನಾರನೇ ವಯಸ್ಸಿಗೆ ಹುಡುಗ ಆಮ್‌ಸ್ಟರ್‌ಡ್ಯಾಂನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದ. 1654ರಲ್ಲಿ ಊರಿಗೆ ಮರಳಿ ಮದುವೆಯಾದ, ಸ್ವಂತ ಅಂಗಡಿ ಇಟ್ಟ. ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಮರಿಯಾ ಎಂಬ ಮಗಳೊಬ್ಬಳೇ. 1666ರಲ್ಲಿ ಹೆಂಡತಿಯೂ ತೀರಿಕೊಂಡರು. ಮುಂದೆ ಮತ್ತೊಂದು ಮದುವೆಯಾಯಿತು.

ವಿಶ್ವವಿದ್ಯಾಲಯದ ಮೆಟ್ಟಿಲನ್ನು ಆತ ಹತ್ತಲಿಲ್ಲ. ಆ ಕಾಲದಲ್ಲಿ ವಿಜ್ಞಾನದ ಭಾಷೆ ಲ್ಯಾಟಿನ್, ಆತನಿಗೆ ಗೊತ್ತಿದ್ದದ್ದು ತನ್ನ ಡಚ್ ಭಾಷೆ ಮಾತ್ರ. ಪುರಸಭೆಯಲ್ಲಿ ಒಂದು ಸಣ್ಣ ಹುದ್ದೆ ಇತ್ತು. 1669ರಲ್ಲಿ ಭೂಮಾಪಕನಾಗಿ ಅರ್ಹತೆ ಪಡೆದ. ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಸೇರಿದವರಿಗೆ ಈ ಭಾಗ ಓದುವಾಗ ಸ್ವಲ್ಪ ಧೈರ್ಯ ಬರುತ್ತದೆ ಎಂಬುದು ನನ್ನ ಅನುಭವ.

ಬಟ್ಟೆ ವ್ಯಾಪಾರಿಗಳು ನೂಲಿನ ಗುಣ ನೋಡಲು ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದರು. ಲೀವೆನ್‌ಹುಕ್ ಅಲ್ಲಿಗೇ ನಿಲ್ಲದೆ ತಾನೇ ಮಸೂರ ಮಾಡಲು ಕುಳಿತ. ಆತನ ಉಪಕರಣ ನಮ್ಮ ಲ್ಯಾಬಿನಲ್ಲಿರುವಂಥ ಸೂಕ್ಷ್ಮದರ್ಶಕವಲ್ಲ. ಎರಡು ಪುಟ್ಟ ಲೋಹದ ತಗಡು, ನಡುವೆ ಸಾಸಿವೆ ಕಾಳಿನಂಥ ಒಂದೇ ಮಸೂರ, ಹಿಂದೆ ವಸ್ತು ಅಂಟಿಸಲು ಸೂಜಿಮೊನೆ, ಅದನ್ನು ಹಿಂದೆ ಮುಂದೆ ಸರಿಸಲು ಸ್ಕ್ರೂ. ಕಣ್ಣಿಗೆ ಒತ್ತಿ ಹಿಡಿದು ಬೆಳಕಿನ ಕಡೆ ನೋಡಬೇಕು. ಇಂದು ಉಳಿದಿರುವವುಗಳಲ್ಲಿ ಅತ್ಯುತ್ತಮವಾದದ್ದು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಒಳ್ಳೆಯ ಮಸೂರ ಮಾಡುವ ಗುಟ್ಟನ್ನು ಆತ ಯಾರಿಗೂ ಹೇಳಲಿಲ್ಲ. 2021ರಲ್ಲಿ ಸಂಶೋಧಕರು ಆ ಉಪಕರಣವನ್ನು ಬಿಚ್ಚದೆ ನ್ಯೂಟ್ರಾನ್ ಹಾಯಿಸಿ ನೋಡಿದಾಗ, ಅದು ಗಾಜನ್ನು ಕರಗಿಸಿ ಮಾಡಿದ ಪುಟ್ಟ ಗುಂಡು ಎಂದು ತಿಳಿಯಿತು.

1673ರಲ್ಲಿ ಡೆಲ್ಫ್ಟ್‌ನ ವೈದ್ಯ ರೆಗ್ನಿಯರ್ ಡಿ ಗ್ರಾಫ್ ಈತನನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪರಿಚಯಿಸಿದರು. ಅಲ್ಲಿಂದ ಸಾಯುವವರೆಗೂ ಆತ ಕಂಡದ್ದನ್ನೆಲ್ಲ ಪತ್ರ ಬರೆದು ಕಳಿಸಿದ. ಕಾಳುಮೆಣಸು ನಾಲಿಗೆಗೆ ಏಕೆ ಚುರುಕೆನ್ನುತ್ತದೆ ಎಂಬ ಕುತೂಹಲ ಆತನಿಗೆ. ಅದಕ್ಕೆ ಮುಳ್ಳುಗಳಿರಬಹುದೇ ಎಂದು ನೋಡಲು ನಮ್ಮ ಪಶ್ಚಿಮ ಘಟ್ಟದ ಈ ಬಳ್ಳಿಯ ಕಾಳನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿದ. 1676ರಲ್ಲಿ ಆ ನೀರನ್ನು ಮಸೂರದಲ್ಲಿ ನೋಡಿದರೆ ಮುಳ್ಳಿಗೆ ಬದಲು ಓಡಾಡುವ ಜೀವಿಗಳು ಕಂಡವು. ಅವುಗಳಲ್ಲಿ ಬ್ಯಾಕ್ಟೀರಿಯಾಗಳೂ ಇದ್ದವು. ಲಂಡನ್ನಿನವರು ತಕ್ಷಣ ನಂಬಲಿಲ್ಲ. ಪಾದ್ರಿಗಳೂ ಸೇರಿದಂತೆ ಊರಿನ ಗಣ್ಯರಿಗೆ ತೋರಿಸಿ, ಅವರ ಸಾಕ್ಷಿಪತ್ರ ಬರೆಸಿ ಕಳಿಸಬೇಕಾಯಿತು. 1677ರಲ್ಲಿ ರಾಬರ್ಟ್ ಹುಕ್ ತಾವೇ ನೋಡಿ ದೃಢಪಡಿಸಿದ ಮೇಲೆ ಅನುಮಾನ ಹೋಯಿತು. 1680ರಲ್ಲಿ ಈ ಬಟ್ಟೆ ವ್ಯಾಪಾರಿ ರಾಯಲ್ ಸೊಸೈಟಿಯ ಫೆಲೋ ಆದ.

ಅದೇ 1680ರಲ್ಲಿ ಆತ ಬಿಯರಿನ ಯೀಸ್ಟನ್ನು ನೋಡಿದ. ದುಂಡು ದುಂಡಾದ ಗೋಲಿಗಳನ್ನು ಕಂಡು ವಿವರಿಸಿದ. ಆದರೆ ಅವು ಧಾನ್ಯದ ಹಿಟ್ಟಿನಿಂದ ಬಂದ ಕಣಗಳೆಂದುಕೊಂಡ. ಅವು ಓಡಾಡುತ್ತಿರಲಿಲ್ಲವಲ್ಲ, ಜೀವವಿದೆ ಎಂದು ಹೊಳೆಯಲಿಲ್ಲ. ನಮ್ಮ ಅಜ್ಜಿಯ ಸೆಟ್ಟಿಗೆ ಅಂಟಿಕೊಂಡಂಥ ಕ್ಯಾಂಡಿಡಾ ಕೂಡ ಯೀಸ್ಟ್ ಗುಂಪಿನ ಫಂಗಸ್ಸೇ.

ಇನ್ನು ನಾನು ಹುಡುಕುತ್ತಿದ್ದ ಸಂಗತಿ. 1683ರ ಸೆಪ್ಟೆಂಬರ್ 17ರ ಪತ್ರ ಅದು. ಆಗ ಆತನಿಗೆ 50 ವರ್ಷ. ದಿನಾ ಬೆಳಿಗ್ಗೆ ಉಪ್ಪಿನಿಂದ ಹಲ್ಲುಜ್ಜುವ, ಬಟ್ಟೆಯಿಂದ ಒರೆಸಿಕೊಳ್ಳುವ ಮನುಷ್ಯ. ಆದರೂ ಹಲ್ಲುಸಂದಿಯಲ್ಲಿ ಕಲಸಿದ ಹಿಟ್ಟಿನಂಥ ಬಿಳಿ ಪದಾರ್ಥ ಉಳಿಯುತ್ತಿತ್ತು. ಅದನ್ನು ತೆಗೆದು ಮಳೆನೀರಿನಲ್ಲಿ ಕದಡಿ ನೋಡಿದರೆ ತುಂಬ ಜೀವಿಗಳು. ವಿನೆಗರ್ ತಗುಲಿಸಿದ, ಸತ್ತವು. ನಾನಾಗಿದ್ದರೆ ಅಲ್ಲಿಗೆ ರೆಕಾರ್ಡ್ ಬುಕ್ಕಿನಲ್ಲಿ ಫಲಿತಾಂಶ ಬರೆದು ಮುಗಿಸುತ್ತಿದ್ದೆ. ಆತ ಮುಗಿಸಲಿಲ್ಲ. ವಿನೆಗರನ್ನು ಬಾಯಿಗೇ ಹಾಕಿಕೊಂಡು ಹಲ್ಲುಗಳನ್ನು ತೊಳೆದು, ಮತ್ತೆ ಸಂದಿಯಿಂದ ಕೆರೆದು ತೆಗೆದು ನೋಡಿದ. ಜೀವಿಗಳು ಇನ್ನೂ ಬದುಕಿದ್ದವು! ವಿನೆಗರ್ ಕೊಂದದ್ದು ಪದರದ ಹೊರಗಿನವುಗಳನ್ನು ಮಾತ್ರ, ಒಳಕ್ಕೆ ಅದು ಇಳಿದಿಲ್ಲ ಎಂಬ ತೀರ್ಮಾನಕ್ಕೆ ಬಂದ. ದಂತವೈದ್ಯೆ ನಮಗೆ ಹೇಳಿದ್ದೂ ಇದನ್ನೇ.

1692ರಲ್ಲಿ ಮತ್ತೆ ನೋಡಿದಾಗ ಮುಂಬಲ್ಲಿನಲ್ಲಿ ಜೀವಿಗಳು ಕಾಣಲಿಲ್ಲ. ಬೆಳಿಗ್ಗೆ ಕುಡಿಯುವ ಬಿಸಿ ಕಾಫಿಯಿಂದ ಸತ್ತಿರಬೇಕು ಎಂದು ಊಹಿಸಿದ. ಊಹೆಯನ್ನೂ ಹಾಗೇ ಬಿಡಲಿಲ್ಲ, ಕಾಫಿಯ ಬಿಸಿ ಅಷ್ಟಾಗಿ ತಾಗದ ದವಡೆ ಹಲ್ಲಿನ ಹಿಂದೆ ಹುಡುಕಿದ. ಅಲ್ಲಿ ಅವು ಇದ್ದವು.

ಆತ ಕಂಡ ಪದರಕ್ಕೆ ಬಯೋಫಿಲ್ಮ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಮುನ್ನೂರು ವರ್ಷಗಳ ನಂತರ. 1978ರಲ್ಲಿ ಬಿಲ್ ಕಾಸ್ಟರ್ಟನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು, ಬ್ಯಾಕ್ಟೀರಿಯಾಗಳು ಒಂಟಿಯಾಗಿ ತೇಲುವುದಕ್ಕಿಂತ ಹೀಗೆ ಅಂಟಿಕೊಂಡು ಗುಂಪಾಗಿ ಬಾಳುವುದೇ ಹೆಚ್ಚು ಎಂದು ಜನಕ್ಕೆ ತಿಳಿಹೇಳಿದರು. ಫಂಗಸ್ಸೂ ಹೀಗೇ ಮಾಡುತ್ತದೆ. ಕ್ಯಾಂಡಿಡಾ ಮೊದಲು ಪ್ಲಾಸ್ಟಿಕ್ಕಿಗೆ ಅಂಟುತ್ತದೆ, ಆಮೇಲೆ ಎಳೆ ಎಳೆಯಾಗಿ ಬೆಳೆದು ಹೆಣೆದುಕೊಳ್ಳುತ್ತದೆ, ಸುತ್ತ ಗ್ಲೂಕಾನ್ ಎಂಬ ಸಕ್ಕರೆ ಸರಪಳಿಯ ಅಂಟನ್ನು ತುಂಬಿಕೊಳ್ಳುತ್ತದೆ. ಫ್ಲುಕೊನಜೋಲ್‌ನಂಥ ಔಷಧ ಈ ಅಂಟಿನಲ್ಲೇ ಸಿಕ್ಕಿಬೀಳುತ್ತದೆ. ಒಳಗೆ ಹೋದದ್ದನ್ನು ಕೆಲವು ಕೋಶಗಳು ಪಂಪಿನಂತೆ ಹೊರಹಾಕುತ್ತವೆ. ಇನ್ನು ಕೆಲವು ತಳದಲ್ಲಿ ನಿದ್ದೆ ಮಾಡುತ್ತಾ ಔಷಧ ಮುಗಿಯುವುದನ್ನೇ ಕಾಯುತ್ತವೆ.

ಅಜ್ಜಿಯ ಬಾಯಲ್ಲಿ ಇದು ಉರಿ. ಐಸಿಯುನಲ್ಲಿ ರಕ್ತನಾಳಕ್ಕೆ ಹಾಕಿದ ಕೊಳವೆಯ ಮೇಲೆ, ಕೃತಕ ಹೃದಯಕವಾಟದ ಮೇಲೆ ಬೆಳೆದರೆ ಜೀವಕ್ಕೇ ಅಪಾಯ. 2009ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡಾ ಆರಿಸ್ ಎಂಬ ಫಂಗಸ್ ಬಹುಪಾಲು ಫ್ಲುಕೊನಜೋಲ್‌ಗೆ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅದನ್ನು ಅತ್ಯಂತ ಗಂಭೀರ ಫಂಗಸ್‌ಗಳ ಪಟ್ಟಿಗೆ ಸೇರಿಸಿದೆ.

ಅದಕ್ಕೇ ಈಗ ಹಲವು ಕಡೆಯಿಂದ ಒಟ್ಟಿಗೆ ನುಗ್ಗುವ ಚಿಕಿತ್ಸೆ. ಕ್ಯಾಸ್ಪೊಫಂಗಿನ್ ಗುಂಪಿನ ಔಷಧ ಗ್ಲೂಕಾನ್ ತಯಾರಿಕೆಯನ್ನೇ ತಡೆಯುತ್ತದೆ. ಆಂಫೊಟೆರಿಸಿನ್ ಕೋಶದ ಪೊರೆಯನ್ನು ತೂತು ಮಾಡುತ್ತದೆ. ಫ್ಲುಸೈಟೊಸಿನ್ ಅನ್ನು ಒಂಟಿಯಾಗಿ ಕೊಟ್ಟರೆ ಫಂಗಸ್ ಬೇಗ ಪ್ರತಿರೋಧ ಬೆಳೆಸಿಕೊಳ್ಳುತ್ತದೆ, ಹಾಗಾಗಿ ಅದನ್ನು ಆಂಫೊಟೆರಿಸಿನ್ ಜೊತೆ ಕೊಡುತ್ತಾರೆ. ಕ್ಯಾಂಡಿಡಾ ಹೃದಯಕವಾಟಕ್ಕೆ ತಗುಲಿದರೆ ಈ ಜೋಡಿಯನ್ನು ಬಳಸುವುದುಂಟು, ಸಾಧ್ಯವಾದರೆ ಶಸ್ತ್ರಚಿಕಿತ್ಸೆ ಮಾಡಿ ಕವಾಟವನ್ನೇ ಬದಲಿಸುತ್ತಾರೆ. ಕೊಳವೆಯಾದರೆ ಆದಷ್ಟು ಬೇಗ ಕಿತ್ತುಹಾಕುತ್ತಾರೆ. ಪದರದ ಅಂಟನ್ನು ಕತ್ತರಿಸುವ ಕಿಣ್ವದ ಜೊತೆ ಔಷಧ ಕೊಡುವ ಪ್ರಯೋಗಗಳು ಲ್ಯಾಬುಗಳಲ್ಲಿ ನಡೆದಿವೆ.

ಹಾಗಂತ ಎರಡು ಔಷಧ ಸೇರಿದರೆ ಬಲ ಎರಡರಷ್ಟು ಎಂದೇನಿಲ್ಲ. ಆಂಫೊಟೆರಿಸಿನ್ ಹಿಡಿದುಕೊಳ್ಳುವುದು ಫಂಗಸ್ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು. ಫ್ಲುಕೊನಜೋಲ್ ಆ ಕೊಬ್ಬಿನ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಹೀಗಾಗಿ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುವುದನ್ನು ಲ್ಯಾಬ್ ಪ್ರಯೋಗಗಳಲ್ಲಿ ಕಂಡಿದ್ದಾರೆ. ಲ್ಯಾಬಿನ ತಟ್ಟೆಯಲ್ಲಿ ಗೆದ್ದದ್ದು ರೋಗಿಯ ಮೈಯಲ್ಲಿ ಗೆಲ್ಲುತ್ತದೆ ಎಂಬ ಖಾತ್ರಿಯೂ ಇಲ್ಲ. ಲೀವೆನ್‌ಹುಕ್‌ಗೆ ಇದು ಗೊತ್ತಿತ್ತು. ನೀರಿನಲ್ಲಿ ಗೆದ್ದ ವಿನೆಗರ್ ಅವನ ಬಾಯಲ್ಲಿ ಸೋತಿತ್ತು.

ಆತ 1723ರ ಆಗಸ್ಟ್ 26ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲಿ ವಪೆ ಅದುರುವ ಅಪರೂಪದ ಕಾಯಿಲೆ ಬಂದಿತ್ತು. ಅದರ ಲಕ್ಷಣಗಳನ್ನೂ ಗಮನಿಸಿ ಲಂಡನ್ನಿಗೆ ಬರೆದ. ಆ ಕಾಯಿಲೆಗೆ ಈಗ ಆತನದೇ ಹೆಸರು. 26 ಬೆಳ್ಳಿಯ ಸೂಕ್ಷ್ಮದರ್ಶಕಗಳನ್ನು ರಾಯಲ್ ಸೊಸೈಟಿಗೆ ಬಿಟ್ಟುಹೋದ. ಅವು ಆಮೇಲೆ ಕಳೆದುಹೋದವು. ಐನೂರಕ್ಕೂ ಹೆಚ್ಚು ಮಸೂರ ಮಾಡಿದವನ ಉಪಕರಣಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು.

ಅಜ್ಜಿಯದೂ ಜೋಡಿ ಚಿಕಿತ್ಸೆಯೇ ಆಯಿತು. ರಾತ್ರಿ ಸೆಟ್ಟು ತೆಗೆದಿಡಬೇಕು, ಮೃದು ಬ್ರಷ್ಷಿನಿಂದ ಒಳಮೈಯನ್ನು ಉಜ್ಜಬೇಕು, ವೈದ್ಯೆ ಕೊಟ್ಟ ದ್ರಾವಣದಲ್ಲಿ ನೆನೆಸಬೇಕು. ಜೊತೆಗೆ ಬಾಯಿಗೆ ಬೇರೆ ಔಷಧ, ಹೇಳಿದಷ್ಟು ದಿನ, ಒಂದು ದಿನವೂ ತಪ್ಪದೆ. ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಇಷ್ಟೆಲ್ಲ ಓದಿದ್ದನ್ನು ಅಜ್ಜಿಗೆ ಉತ್ಸಾಹದಿಂದ ವಿವರಿಸಿದರೆ ಅವರು ನಕ್ಕುಬಿಟ್ಟರು. ತಳ ಹಿಡಿದ ಪಾತ್ರೆಗೆ ನೀರು ಹೊಯ್ದಿಟ್ಟರೆ ಸಾಲದು, ನಾರು ಹಾಕಿ ತಿಕ್ಕಬೇಕು ಎಂಬುದು ತನಗೆ ಗೊತ್ತಿಲ್ಲವೇ, ಸೆಟ್ಟಿಗೂ ಹಾಗೇ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನೇ ಕೇಳಿದರು. ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡಿದ್ದ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ವಾರ ಅಜ್ಜಿ ಮುದ್ದೆ ಕೇಳಿದರು. ನಿಮ್ಮ ಮನೆಯಲ್ಲೂ ಹಲ್ಲಿನ ಸೆಟ್ಟು ಹಾಕುವ ಹಿರಿಯರಿದ್ದರೆ ಇವತ್ತು ರಾತ್ರಿ ಅದರ ಒಳಮೈಯನ್ನು ಒಮ್ಮೆ ತಿರುಗಿಸಿ ನೋಡಿ.