ಪಾವಗಡದಲ್ಲಿ ನಕ್ಷತ್ರ ನೋಡಿದ ಟ್ರಬಲ್‌ಶೂಟರ್

ಮೌಂಟ್ ಎವರೆಸ್ಟ್ ಹೆಸರು ಎಲ್ಲರಿಗೂ ಗೊತ್ತು. ಆ ಹೆಸರಿನ ಹಿಂದಿರುವ ಜಾರ್ಜ್ ಎವರೆಸ್ಟ್ ಇನ್ನೊಬ್ಬರ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದರು ಅನ್ನೋದು ಸ್ವಲ್ಪ ಜನಕ್ಕೆ ಗೊತ್ತು. ಆ ಇನ್ನೊಬ್ಬರು ನಮ್ಮ ಪಾವಗಡದಲ್ಲಿ ನಿಂತು ನಕ್ಷತ್ರ ನೋಡಿ ಲೆಕ್ಕ ಹಾಕಿದ್ದರು ಅನ್ನೋದು ನಮ್ಮ ಕಡೆಯವರಿಗೇ ಅಷ್ಟಾಗಿ ಗೊತ್ತಿಲ್ಲ. ಅವರ ಹೆಸರು ವಿಲಿಯಂ ಲ್ಯಾಂಬ್ಟನ್.

ಅವರ ಬಗ್ಗೆ ಈಗ ಯಾಕೆ ಬರೀತಿದ್ದೀವಿ ಅಂದ್ರೆ, ನಾವು ಸಿಸಿಎನ್‌ಎ ಪರೀಕ್ಷೆಗೆ ತಯಾರಿ ಮಾಡ್ತಿದ್ದೀವಿ. ನಮ್ಮ ಗುಂಪಿನಲ್ಲಿ ಇರೋರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹುಡುಗ ಹುಡುಗಿಯರು. ಪರೀಕ್ಷೆ ಫೀಸು 300 ಡಾಲರ್. ಅಂದ್ರೆ 20 ಸಾವಿರ ರೂಪಾಯಿ ದಾಟುತ್ತೆ. ಕಡ್ಲೆಕಾಯಿ ಬೆಳೆಯೋ ಮನೆಗಳಿಂದ ಬಂದೋರಿಗೆ ಇದು ಚಿಕ್ಕ ದುಡ್ಡಲ್ಲ. ಹಾಗಾಗಿ ಹಳೇ ಪ್ರಶ್ನೆಗಳ ಡಂಪ್ ಸಿಕ್ಕಿದರೆ ಬಾಯಿಪಾಠ ಮಾಡಿ ಪಾಸಾಗಿಬಿಡೋಣ ಅನ್ನೋ ಆಸೆ ಎಲ್ಲರಿಗೂ ಬರುತ್ತೆ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರ ನಿಜವಾದ ನೆಟ್‌ವರ್ಕ್ ಬಿದ್ದಾಗ ಡಂಪ್ ಕೈಹಿಡಿಯಲ್ಲ. ಆಗ ಬೇಕಾಗೋದು ಟ್ರಬಲ್‌ಶೂಟಿಂಗ್. ಅದನ್ನು ಜೀವನಪೂರ್ತಿ ಮಾಡಿದವರು ಲ್ಯಾಂಬ್ಟನ್.

ಅವರು ಹುಟ್ಟಿದ್ದು 1750ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಒಂದು ಬಡ ರೈತರ ಮನೆಯಲ್ಲಿ. ಹುಡುಗ ಬುದ್ಧಿವಂತ ಅಂತ ಊರಿನವರು ಕೈಜೋಡಿಸಿದ್ದರಿಂದ ನಾರ್ತ್ಅಲರ್ಟನ್ ಶಾಲೆಯಲ್ಲಿ ಓದೋಕೆ ಆಯ್ತು. ಆಮೇಲೆ ಸೈನ್ಯ ಸೇರಿ ಅಮೆರಿಕಕ್ಕೆ ಹೋದರು. ಅಲ್ಲಿ ಬ್ರಿಟಿಷರು ಸೋತ ಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಭೂಮಿ ಅಳೆದರು. ನಂತರ ಸುಮಾರು 13 ವರ್ಷ ಸೈನಿಕರ ಬ್ಯಾರಕ್‌ಗಳ ಉಸ್ತುವಾರಿ ನೋಡ್ಕೊಂಡರು. ಯಾರೂ ಗಮನಿಸದ ಆ ಕೆಲಸದ ನಡುವೆ ತಾವೇ ಕೂತು ಗಣಿತ, ಖಗೋಳಶಾಸ್ತ್ರ, ಭೂಮಾಪನ ಓದಿದರು. ಯಾವ ಸರ್ಟಿಫಿಕೇಟ್‌ಗಾಗಿಯೂ ಅಲ್ಲ.

1790ರ ದಶಕದ ಕೊನೆಗೆ ಅವರ 33ನೇ ರೆಜಿಮೆಂಟಿನ ಜೊತೆ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ನಡೀತಿತ್ತು. ಒಂದು ರಾತ್ರಿ ಜನರಲ್ ಬೇರ್ಡ್ ತಮ್ಮ ಪಡೆ ಕರ್ಕೊಂಡು ಕತ್ತಲಲ್ಲಿ ಹೊರಟರು. ವಾಪಸ್ ಬರುವಾಗ ಲ್ಯಾಂಬ್ಟನ್ ಆಕಾಶ ನೋಡಿ, ನಾವು ಉತ್ತರಕ್ಕೆ ಹೋಗ್ತಿಲ್ಲ, ದಕ್ಷಿಣಕ್ಕೆ, ಅಂದ್ರೆ ಟಿಪ್ಪು ಸೈನ್ಯದ ಕಡೆಗೇ ಹೋಗ್ತಿದ್ದೀವಿ ಅಂತ ಹೇಳಿದರು. ಜನರಲ್ ಮೊದಲು ನಂಬಲಿಲ್ಲ. ಕಡೆಗೆ ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರಗಳೇ ಸರಿ ಅಂತ ಗೊತ್ತಾಯ್ತು. ಎಲ್ಲ ಸರಿಯಾಗಿದೆ ಅಂತ ಎಲ್ಲರೂ ನಡೀತಿದ್ದಾಗ ಬೇರೆ ದಾರಿಯಿಂದ ಪರೀಕ್ಷೆ ಮಾಡೋದು ಅವರಿಗೆ ಅಭ್ಯಾಸವಾಗಿತ್ತು.

ಯುದ್ಧ ಮುಗಿದ ಮೇಲೆ ಮೈಸೂರು ಸೀಮೆ ಕಂಪನಿಯ ಹಿಡಿತಕ್ಕೆ ಬಂತು. ಕಾಲಿನ್ ಮೆಕೆಂಜಿ ಊರು, ಕೆರೆ, ಗಡಿಗಳ ನಕ್ಷೆ ಮಾಡೋಕೆ ಹೊರಟರು. ಲ್ಯಾಂಬ್ಟನ್ ಕೇಳಿದ್ದು ಬೇರೆ. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿವರೆಗೆ ತ್ರಿಕೋನಗಳ ಒಂದು ಜಾಲ ಹಾಕಬೇಕು, ಅದರ ಜೊತೆಗೆ ಭೂಮಿಯ ಆಕಾರವನ್ನೂ ಅಳೆಯಬೇಕು ಅಂದರು. ಕಂಪನಿಗೆ ಬೇಕಿದ್ದದ್ದು ಕಂದಾಯ ಮತ್ತು ಸೈನ್ಯಕ್ಕೆ ದಾರಿ, ಅದನ್ನು ಮುಚ್ಚಿಡೋ ಅಗತ್ಯ ಇಲ್ಲ. ಆದರೂ ಯೋಜನೆಗೆ ಒಪ್ಪಿಗೆ ಸಿಕ್ತು.

ತ್ರಿಕೋನ ಜಾಲ ಹೇಗೆ ಕೆಲಸ ಮಾಡುತ್ತೆ ಅಂತ ಎರಡು ಮಾತು. ಸಮತಟ್ಟಾದ ಜಾಗದಲ್ಲಿ ಒಂದು ಗೆರೆಯನ್ನು ಸರಪಳಿ ಹಿಡಿದು ತುಂಬಾ ಜಾಗ್ರತೆಯಿಂದ ಅಳೀಬೇಕು. ಅದು ಆಧಾರ ರೇಖೆ. ಅದರ ಎರಡು ತುದಿಯಿಂದ ದೂರದ ಒಂದು ಬೆಟ್ಟದ ತುದಿಗೆ ಕೋನ ಅಳೆದರೆ ಉಳಿದ ಎರಡು ಬದಿಗಳ ಉದ್ದ ಲೆಕ್ಕದಲ್ಲೇ ಸಿಗುತ್ತೆ. ಆ ಬದಿ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬೆಟ್ಟ ಒಂದು ನೋಡ್, ಕಣ್ಣಿನ ನೋಟ ಒಂದು ಲಿಂಕ್. ನಮ್ಮ ಸೀಮೆ ನೋಡಿ: ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ಕಡೆ ಚನ್ನರಾಯನದುರ್ಗ, ಸಿದ್ಧರಬೆಟ್ಟ, ಪಾವಗಡದ ಕೋಟೆ ಬೆಟ್ಟ, ಪಕ್ಕದಲ್ಲಿ ಶಿರಾ ಬಯಲು. ಇಂಥ ಜಾಲ ಹಾಕೋರಿಗೆ ಇದು ಹೇಳಿ ಮಾಡಿಸಿದ ಜಾಗ.

1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರ ರೇಖೆ ಅಳೆದರು. ಕೋನ ಅಳೆಯೋ ದೊಡ್ಡ ಥಿಯೋಡೊಲೈಟ್ ಇನ್ನೂ ಬಂದಿರಲಿಲ್ಲ. ಲಂಡನ್ನಿನಲ್ಲಿ ತಯಾರಾದ ಆ ಯಂತ್ರದ ತೂಕ ಅರ್ಧ ಟನ್. ಅದನ್ನು ತರ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ವಿಜ್ಞಾನದ ಉಪಕರಣ ಅಂತ ಗೊತ್ತಾದಾಗ ಮರ್ಯಾದೆಯಿಂದ ವಾಪಸ್ ಕಳಿಸಿದರು. 1802ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಮತ್ತೊಂದು ಆಧಾರ ರೇಖೆ, ಏಳೂವರೆ ಮೈಲಿಯದು, ಶುರುವಾಯ್ತು. ನಿಜವಾದ ಕೆಲಸಕ್ಕೆ ಅದೇ ಮೊದಲು.

ನಮಗೆ ತುಂಬಾ ಇಷ್ಟವಾದ ಭಾಗ ಇಲ್ಲಿದೆ. ಮದ್ರಾಸಿನಿಂದ ತ್ರಿಕೋನಗಳನ್ನು ಹೆಣೀತಾ ಬೆಂಗಳೂರಿಗೆ ಬಂದ ಮೇಲೆ ಲ್ಯಾಂಬ್ಟನ್ 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಒಂದು ರೇಖೆಯನ್ನು ಸರಪಳಿ ಹಿಡಿದೇ ಅಳೆಸಿದರು. ಅದರ ಉದ್ದ ಎಷ್ಟಿರಬೇಕು ಅಂತ ಮದ್ರಾಸಿನ ರೇಖೆಯಿಂದ ಆಗಲೇ ಲೆಕ್ಕ ಹಾಕಿದ್ದರು. ಏಳು ಮೈಲಿ ಉದ್ದದಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಇದನ್ನು ನಾವು ಪಿಂಗ್ ಜೊತೆ ಹೋಲಿಸ್ತೀವಿ. ಪ್ಯಾಕೆಟ್ ಹೋಗೋ ದಾರಿ ಸರಿ ಇದ್ದರೆ ಸಾಲದು, ಉತ್ತರ ವಾಪಸ್ ಬರೋ ದಾರಿಯೂ ಬೇಕು. ಈ ಕಡೆ ರೂಟರ್‌ನಲ್ಲಿ ರೂಟ್ ಇರುತ್ತೆ, ಆ ಕಡೆ ರೂಟರ್‌ನಲ್ಲಿ ಇರಲ್ಲ, ಪಿಂಗ್ ಫೇಲ್. ಒಂದೇ ಕಡೆ ಕೂತು ಕಾನ್ಫಿಗರೇಶನ್ ಹತ್ತು ಸಲ ಓದಿದರೂ ತಪ್ಪು ಕಾಣಲ್ಲ. ಇನ್ನೊಂದು ತುದಿಗೆ ಹೋಗಿ ನೋಡಬೇಕು.

ಜಾಲ ಮಂಗಳೂರು ಕಡೆಯ ಸಮುದ್ರ ಮುಟ್ಟಿದಾಗ ಇನ್ನೊಂದು ವಿಷಯ ಬಯಲಾಯ್ತು. ನಕ್ಷೆಗಳಲ್ಲಿ ಸುಮಾರು 400 ಮೈಲಿ ಅಂತಿದ್ದ ಪರ್ಯಾಯ ದ್ವೀಪದ ಅಗಲ ನಿಜಕ್ಕೂ 360 ಮೈಲಿ ಮಾತ್ರ. 40 ಮೈಲಿ ಮಾಯ! ಡಾಕ್ಯುಮೆಂಟೇಶನ್ ಒಂದು ಹೇಳುತ್ತೆ, ನೆಟ್‌ವರ್ಕ್ ಇನ್ನೊಂದು ಥರ ಇರುತ್ತೆ ಅನ್ನೋದು ಆಗಲೂ ಇತ್ತು.

ಇದರ ಜೊತೆಗೇ ದಕ್ಷಿಣೋತ್ತರವಾಗಿ ದೊಡ್ಡ ಸರಪಳಿ ಬೆಳೀತಿತ್ತು. ಅದನ್ನೇ ಆಮೇಲೆ ಗ್ರೇಟ್ ಆರ್ಕ್ ಅಂದರು. ಈ ಸಾಲಿನಲ್ಲಿ ಅಲ್ಲಲ್ಲಿ ನಿಂತು ನಕ್ಷತ್ರ ನೋಡಿ ಅಕ್ಷಾಂಶ ಹಿಡೀಬೇಕಿತ್ತು. ಬೆಂಗಳೂರಿನ ದೊಡ್ಡಗುಂಟ ಅಂಥ ಒಂದು ಜಾಗ, ಅದರ ಉತ್ತರಕ್ಕೆ ಪಾವಗಡ ಇನ್ನೊಂದು. ಆಗಿನ ಇಂಗ್ಲಿಷ್ ಬರಹದಲ್ಲಿ ನಮ್ಮ ಪಾವಗಡ 'ಪಾಘುರ್' ಆಗಿಬಿಟ್ಟಿದೆ. ಆದರೆ ಬೆಂಗಳೂರು ಸುತ್ತಿನ ವೀಕ್ಷಣೆಗಳು ತಾಳೆಯಾಗಲಿಲ್ಲ. ಕೋನ ಸರಿ, ಸರಪಳಿ ಸರಿ, ಲೆಕ್ಕ ಸರಿ, ಉತ್ತರ ಮಾತ್ರ ಸರಿ ಇಲ್ಲ. ನೆಲದೊಳಗೆ ಹೆಚ್ಚು ಸಾಂದ್ರವಾದ ಅದಿರೇನೋ ಇದ್ದು ತೂಗುಗುಂಡನ್ನು ತನ್ನ ಕಡೆ ಎಳೀತಿರಬೇಕು ಅಂತ ಲ್ಯಾಂಬ್ಟನ್ ಅನುಮಾನಿಸಿದರು. ನೆಟ್ಟಗೆ ಕೆಳಗೆ ತೋರಿಸುತ್ತೆ ಅಂತ ಎಲ್ಲರೂ ನಂಬೋ ಗುಂಡೇ ವಾಲಿತ್ತು! ನಮ್ಮಲ್ಲಿ ಇದಕ್ಕೆ ಲೇಯರ್ ಒಂದರ ಸಮಸ್ಯೆ ಅಂತೀವಿ. ಮೇಲಿನ ಸೆಟ್ಟಿಂಗ್‌ಗಳನ್ನೆಲ್ಲ ಬದಲಾಯಿಸ್ತಾ ಕೂತಿರ್ತೀವಿ, ಕೆಟ್ಟಿರೋದು ಕೆಳಗಿನ ಕೇಬಲ್.

1808ರಲ್ಲಿ ದೊಡ್ಡ ಅನಾಹುತ ಆಯ್ತು. ತಂಜಾವೂರಿನ ಸುತ್ತ ಬೆಟ್ಟ ಇಲ್ಲ, ಹಾಗಾಗಿ ದೊಡ್ಡ ದೇವಸ್ಥಾನದ ಗೋಪುರಕ್ಕೆ ಥಿಯೋಡೊಲೈಟ್ ಎತ್ತಿಸ್ತಿದ್ದರು. ಹಗ್ಗ ಕಿತ್ತು ಯಂತ್ರ ಗೋಡೆಗೆ ಬಡಿದು ಅದರ ವೃತ್ತ ಸೊಟ್ಟಗಾಯ್ತು. ಬೇರೆಯವರಾಗಿದ್ದರೆ ಲಂಡನ್ನಿಗೆ ಪತ್ರ ಬರೆದು ಕೂರ್ತಿದ್ದರು. ಲ್ಯಾಂಬ್ಟನ್ ಡೇರೆಯೊಳಗೆ ಸೇರ್ಕೊಂಡು, ಕುಶಲಕರ್ಮಿಗಳನ್ನು ಬಿಟ್ಟು ಯಾರನ್ನೂ ಒಳಗೆ ಬಿಡದೆ, ಆರು ವಾರ ಬೆಣೆ, ಸ್ಕ್ರೂ, ರಾಟೆ ಹಾಕಿ ಸ್ವಲ್ಪಸ್ವಲ್ಪವೇ ಎಳೆದು ವೃತ್ತವನ್ನು ಮೊದಲಿನ ಆಕಾರಕ್ಕೆ ತಂದರು. ಆ ಯಂತ್ರ ಆಮೇಲೂ ವರ್ಷಗಟ್ಟಲೆ ಕೆಲಸ ಮಾಡ್ತು. ನೆಟ್‌ವರ್ಕ್ ಪ್ಲಸ್ ಪಠ್ಯದಲ್ಲಿ ಬರೋ ಹೆಜ್ಜೆಗಳು, ಅಂದ್ರೆ ಸಮಸ್ಯೆ ಗುರುತಿಸೋದು, ಕಾರಣ ಊಹಿಸೋದು, ಊಹೆ ಪರೀಕ್ಷಿಸೋದು, ಯೋಜನೆ ಮಾಡೋದು, ಜಾರಿಗೆ ತರೋದು, ಪೂರ್ತಿ ಸರಿಯಾಯ್ತಾ ನೋಡೋದು, ಬರೆದಿಡೋದು, ಎಲ್ಲವೂ ಆ ಡೇರೆಯೊಳಗೆ ನಡೆದಿರಬೇಕು ಅಂತ ನಮಗನ್ನಿಸುತ್ತೆ.

ಇದೆಲ್ಲ ಒಬ್ಬರ ಕೆಲಸ ಅಲ್ಲ. ಮದ್ರಾಸಿನಲ್ಲಿ 1794ರಲ್ಲಿ ಶುರುವಾಗಿದ್ದ ಸರ್ವೆ ಶಾಲೆಯ ಹುಡುಗರು ಅವರ ಸಹಾಯಕರಾಗಿದ್ದರು. ಅವರು ಕಲಿತದ್ದು ಹೊಲದಲ್ಲಿ, ಬಿಸಿಲಲ್ಲಿ. ಅರ್ಧ ಟನ್ ಯಂತ್ರವನ್ನು ಬೆಟ್ಟಕ್ಕೆ ಹೊತ್ತವರು, ದೂರದ ತುದಿಗಳಲ್ಲಿ ಬಾವುಟ ನೆಟ್ಟು ಕಾದವರು ಈ ನೆಲದ ಕೂಲಿಗಳು, ಖಲಾಸಿಗಳು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ.

1818ರಲ್ಲಿ ಈ ಕೆಲಸಕ್ಕೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಅನ್ನೋ ಹೆಸರು ಬಂತು, ಎವರೆಸ್ಟ್ ಸಹಾಯಕರಾಗಿ ನೇಮಕವಾದರು. ಲ್ಯಾಂಬ್ಟನ್‌ಗೆ ಆಗ ಅರವತ್ತು ದಾಟಿತ್ತು, ಆದರೂ ಡೇರೆ ಬಿಡಲಿಲ್ಲ. 1823ರ ಜನವರಿಯಲ್ಲಿ ನಾಗಪುರದ ಕಡೆ ಹೋಗ್ತಾ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಸಮಾಧಿ ಅಲ್ಲೇ ಇದೆ. ಅವರು ಬಿಟ್ಟ ಸರಪಳಿಯನ್ನು ಎವರೆಸ್ಟ್ ಹಿಮಾಲಯದ ತಪ್ಪಲಿನವರೆಗೆ ಒಯ್ದರು. ಶಿಖರಕ್ಕೆ ಶಿಷ್ಯರ ಹೆಸರು ಬಂತು, ಗುರುಗಳ ಹೆಸರು ಪುಸ್ತಕದಲ್ಲಿ ಉಳೀತು.

ನಮ್ಮ ಗುಂಪಿನಲ್ಲಿ ಈಗ ಒಂದು ನಿಯಮ ಮಾಡ್ಕೊಂಡಿದ್ದೀವಿ. ಪ್ಯಾಕೆಟ್ ಟ್ರೇಸರ್‌ನಲ್ಲಿ ಒಬ್ಬರು ಬೇಕಂತಲೇ ನೆಟ್‌ವರ್ಕ್ ಕೆಡಿಸ್ತಾರೆ: ಒಂದು ಸಬ್‌ನೆಟ್ ಮಾಸ್ಕ್ ಬದಲಾಯಿಸ್ತಾರೆ, ಒಂದು ವಿಲಾನ್ ಅಳಿಸ್ತಾರೆ, ಡೀಫಾಲ್ಟ್ ಗೇಟ್‌ವೇ ತೆಗೀತಾರೆ. ಉಳಿದವರು ಕಂಡುಹಿಡಿದು ಸರಿಮಾಡಬೇಕು. ಪಿಂಗ್ ಬಂದ ತಕ್ಷಣ ಆಟ ಮುಗಿಯಲ್ಲ. ಇನ್ನೊಂದು ತುದಿಯ ಕಂಪ್ಯೂಟರ್‌ನಿಂದಲೂ ಪಿಂಗ್ ಮಾಡಿ ತೋರಿಸಬೇಕು, ಏನು ಕೆಟ್ಟಿತ್ತು, ಯಾಕೆ ಅಂತ ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೀಬೇಕು. ಆಗಲೇ ಪಾಯಿಂಟ್. ಇದರಿಂದ ಪರೀಕ್ಷೆ ಪಾಸಾಗ್ತೀವೋ ಇಲ್ವೋ ಮುಂದಿನ ಸೆಮಿಸ್ಟರ್‌ನಲ್ಲಿ ಗೊತ್ತಾಗುತ್ತೆ. ಬೇರೆ ಬ್ರಾಂಚಿನವರೂ ಬರಬಹುದು, ಲ್ಯಾಪ್‌ಟಾಪ್ ಇಲ್ಲದವರೂ ಬರಬಹುದು. ಕೆಡಿಸೋಕೂ ಜನ ಬೇಕು, ಸರಿಮಾಡೋಕೂ ಬೇಕು.