ಉದ್ಯಾನಶಿಲ್ಪಿ ಕೃಂಬಿಗಲ್

ಜನರಿಗೆ ನೆರಳನ್ನೂ ನೋಟವನ್ನೂ ನೀಡಿ ಹೋದವರನ್ನು ನಾಡು ಮರೆಯಲಾರದು. ಅಂತಹವರಲ್ಲಿ ಗುಸ್ಟಾವ್ ಹರ್ಮನ್ ಕೃಂಬಿಗಲ್ ಒಬ್ಬರು.

ಇವರು 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಬಳಿಯಿರುವ ಲೋಮೆನ್ ಎಂಬಲ್ಲಿ ಜನಿಸಿದರು. ಎಳವೆಯಲ್ಲಿಯೇ ತೋಟಗಾರಿಕೆಯನ್ನು ಕಲಿತು, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು ಪಳಗಿದರು. 1893ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದರು. ಮುಂದೆ 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸಂಸ್ಥಾನವನ್ನು ಸೇರಿ ಬೆಂಗಳೂರಿನ ಲಾಲ್‌ಬಾಗಿನ ಹೊಣೆಯನ್ನು ಹೊತ್ತರು.

ಹೈದರಾಲಿಯ ಕಾಲದಿಂದ ಬೆಳೆದುಬಂದ ಆ ತೋಟಕ್ಕೆ ಅವರು ದೇಶವಿದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರವು ಹೂವುದುರಿಸುವ ವೇಳೆಗೆ ಮತ್ತೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಆ ಹೂವನ್ನು ನೋಡಲು ಕೂಲಿಯವನೂ ಕಾಸು ಕೊಡಬೇಕಾಗಿರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಳಗಣ ಬೃಂದಾವನದ ರಚನೆಯಲ್ಲಿಯೂ ಅವರ ಕೈಚಳಕವಿದೆ. 1932ರಲ್ಲಿ ನಿವೃತ್ತರಾದರೂ ಈ ನಾಡನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರೆಂಬ ಕಾರಣಕ್ಕೆ ಬಂಧನವನ್ನೂ ಅನುಭವಿಸಿದರು. 1956ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿಯೇ ಕಣ್ಣುಮುಚ್ಚಿದರು.

ತೋಟಗಾರನು ಮರವನ್ನು ನೆಡಬಲ್ಲನು. ಅದರ ಬುಡದ ನೆಲವನ್ನು ಕಾಯುವುದು ರಾಜ್ಯದ ಧರ್ಮ. ನಗರವು ಬೆಳೆದಂತೆ ಕಟ್ಟಡಗಳ ಕಣ್ಣು ತೋಟಗಳ ಮೇಲೆ ಬಿದ್ದಿತು. ವಿಹಾರಕ್ಕೆ ಬರುವ ಜನರಿಗೆ ತೋಟವು ತೆರೆದಿರಬೇಕು. ಜನರ ಹೆಸರಿನಲ್ಲಿಯೇ ಕಟ್ಟಡಗಳೆದ್ದು ಆ ತೋಟವು ಕರಗಲೂಬಾರದು. ಈ ಎರಡನ್ನೂ ಸರಿದೂಗಿಸಲು, ಕೃಂಬಿಗಲ್ಲರು ತೀರಿಕೊಂಡ 19 ವರ್ಷಗಳ ಮೇಲೆ, 1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಬಂದಿತು. ಅದರಂತೆ ಲಾಲ್‌ಬಾಗ್, ಕಬ್ಬನ್ ಪಾರ್ಕುಗಳ ನೆಲವನ್ನು ಮಾರುವುದಾಗಲಿ, ಗುತ್ತಿಗೆ ಕೊಡುವುದಾಗಲಿ, ದಾನಮಾಡುವುದಾಗಲಿ ಸಲ್ಲದು. ಮಾಡಿದರೂ ಅದು ಅಸಿಂಧು. 1985ರಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳಿಗಾಗಿ ಇನ್ನೊಂದು ಕಾಯಿದೆಯಾಯಿತು.

ಜೇವರ್ಗಿ ಸೀಮೆಯ ಎರೆಹೊಲದ ಬಿಸಿಲನ್ನು ಕಂಡ ನಮ್ಮ ಅಂದೋಲಾದವರಿಗೆ ಬೇವಿನ ನೆರಳಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದನಕರುಗಳ ಮೇವಿಗೂ ಹುಡುಗರ ಆಟಕ್ಕೂ ಒದಗುವ ಗಾಯರಾಣವೇ ಹಳ್ಳಿಗಳ ಲಾಲ್‌ಬಾಗು. ಅದು ಗೇಣುಗೇಣಾಗಿ ಒತ್ತುವರಿಯಾದರೆ ಕೇಳುವವರಾರು? ಕಾಯಿದೆಯು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಓದಿ, ತಿಳಿದು, ಕಚೇರಿಯ ಬಾಗಿಲಲ್ಲಿ ನಿಂತು ಕೇಳುವವರು ಬೇಕು. ಮನೆತನದಲ್ಲಿ ಮೊದಲಿಗರಾಗಿ ಪದವಿಯ ಹೊಸ್ತಿಲಿಗೆ ಬಂದ ನನ್ನಂತಹ ವಿದ್ಯಾರ್ಥಿಗಳಿಗೆ ಆ ಕೆಲಸವು ಕಾದಿದೆ. ಎಲ್ಲಿಂದಲೋ ಬಂದವರು ನಮಗಾಗಿ ನೆಟ್ಟರು. ಇಲ್ಲಿಯೇ ಹುಟ್ಟಿದ ನಾವು ಕಾಯಲಾರೆವೇ?