ಮಣ್ಣಿನ ಮರ್ಮವನ್ನರಿತ ಕಾರ್ಲ್ ಟರ್ಜಾಘಿ

ಭವ್ಯವಾದ ಕಟ್ಟಡವನ್ನು ಕಂಡು ಬೆರಗಾಗುವವರು ಅನೇಕರು. ಅದನ್ನು ಹೊತ್ತಿರುವ ಮಣ್ಣಿನ ಕಡೆಗೆ ಕಣ್ಣು ಹಾಯಿಸುವವರು ವಿರಳ. ಇಟಲಿಯ ಪೀಸಾ ನಗರದಲ್ಲಿ 1173ರಲ್ಲಿ ಆರಂಭವಾದ ಗೋಪುರವು ಕಟ್ಟುತ್ತಿರುವಾಗಲೇ ವಾಲತೊಡಗಿತು. ದೋಷವಿದ್ದುದು ಕಲ್ಲಿನ ಕೆಲಸದಲ್ಲಲ್ಲ, ತಳದ ಮೆತ್ತನೆಯ ನೆಲದಲ್ಲಿ. ನೆಲವು ಹೀಗೆ ಕುಸಿಯುವುದೇಕೆ ಎಂಬ ಪ್ರಶ್ನೆಗೆ ಲೆಕ್ಕಕ್ಕೆ ನಿಲುಕುವ ಉತ್ತರ ದೊರೆಯಲು ಏಳೂವರೆ ಶತಮಾನಗಳೇ ಬೇಕಾದವು. ಆ ಉತ್ತರವನ್ನಿತ್ತವರು ಕಾರ್ಲ್ ಟರ್ಜಾಘಿ.

ಟರ್ಜಾಘಿಯವರು 1883ರ ಅಕ್ಟೋಬರ್ 2ರಂದು ಪ್ರಾಗ್ ನಗರದಲ್ಲಿ, ಸೇನಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಗ್ರಾಟ್ಸ್ ನಗರದಲ್ಲಿ ಅವರು ವ್ಯಾಸಂಗ ಮಾಡಿದ್ದು ಯಂತ್ರಶಿಲ್ಪ. ಮನಸ್ಸು ಒಲಿದದ್ದು ಭೂವಿಜ್ಞಾನಕ್ಕೆ. ಪದವಿಯ ಬಳಿಕ ಜಲವಿದ್ಯುತ್ ಯೋಜನೆಗಳಲ್ಲಿ ದುಡಿಯುತ್ತಿದ್ದಾಗ, ಉಕ್ಕಿನ ಬಲವನ್ನು ಕರಾರುವಾಕ್ಕಾಗಿ ಗಣಿಸಬಲ್ಲ ತಜ್ಞರು ಮಣ್ಣಿನ ವಿಷಯದಲ್ಲಿ ಬರಿಯ ಊಹೆಯನ್ನು ನಂಬಿರುವುದನ್ನು ಕಂಡರು. 1912ರಲ್ಲಿ ಅಮೆರಿಕೆಗೆ ತೆರಳಿ, ಅಲ್ಲಿನ ಅಣೆಕಟ್ಟುಗಳ ನಿವೇಶನಗಳನ್ನು ಸುತ್ತಿ ವಿವರಗಳನ್ನು ಕಲೆಹಾಕಿದರು. ಫಲ ನಿರಾಶೆಯೇ. ಜೇಡಿ, ಮರಳು ಎಂಬ ಹೆಸರುಗಳಿದ್ದವು. ಆ ಹೆಸರುಗಳ ಹಿಂದೆ ಅಳತೆಗಳಿರಲಿಲ್ಲ.

1916ರಲ್ಲಿ ಅವರು ಇಸ್ತಾಂಬುಲ್‌ನ ಇಂಜಿನಿಯರಿಂಗ್ ಶಾಲೆಯಲ್ಲಿ ಅಧ್ಯಾಪಕರಾದರು. ಮಹಾಯುದ್ಧದಲ್ಲಿ ತುರ್ಕಿ ಸೋತಾಗ ಆ ಹುದ್ದೆಯೂ ಹೋಯಿತು. ಅದೇ ನಗರದ ರಾಬರ್ಟ್ ಕಾಲೇಜು ಆಶ್ರಯ ನೀಡಿತು. ಉಪಕರಣಗಳಿಗೆ ಹಣವೆಲ್ಲಿ? ಚುಟ್ಟಾ ಪೆಟ್ಟಿಗೆಗಳನ್ನೂ ಎಸೆದ ಸಾಮಾನುಗಳನ್ನೂ ಜೋಡಿಸಿ ಅವರು ಪ್ರಯೋಗ ನಡೆಸಿದರು. ಈ ಬಡ ಪ್ರಯೋಗಶಾಲೆಯಲ್ಲೇ ಹೊಸ ಶಾಸ್ತ್ರವೊಂದು ಮೈದಳೆಯಿತು.

ನೀರು ತುಂಬಿದ ಜೇಡಿಮಣ್ಣಿನ ಮೇಲೆ ಭಾರವನ್ನು ಹೇರಿದರೆ, ಮೊದಲು ಅದನ್ನು ಹೊರುವುದು ಕಣಗಳಲ್ಲ, ಅವುಗಳ ನಡುವಣ ನೀರು. ಸಂದುಗಳು ಅತಿ ಸೂಕ್ಷ್ಮವಾದ್ದರಿಂದ ಆ ನೀರು ಮೆಲ್ಲಮೆಲ್ಲನೆ ಜಿನುಗಿ ಹೊರಬೀಳುತ್ತದೆ. ಹಾಗೆ ಜಿನುಗಿದಂತೆಲ್ಲ ಭಾರವು ಕಣಗಳಿಗೆ ವರ್ಗವಾಗಿ ಮಣ್ಣು ಕುಗ್ಗುತ್ತದೆ. ಮರಳಿನಲ್ಲಿ ಬೇಗನೆ ಮುಗಿಯುವ ಈ ಕ್ರಿಯೆಗೆ ಜೇಡಿಯಲ್ಲಿ ಎಷ್ಟೋ ವರ್ಷಗಳು ಹಿಡಿಯುತ್ತವೆ. ಕಟ್ಟಡವೊಂದು ಎಷ್ಟು ಕುಸಿದೀತು, ಎಷ್ಟು ಕಾಲದಲ್ಲಿ ಕುಸಿದೀತು ಎಂಬುದನ್ನು ಮುಂಚಿತವಾಗಿಯೇ ಗಣಿಸುವುದು ಇದರಿಂದ ಸಾಧ್ಯವಾಯಿತು.

1925ರಲ್ಲಿ ಈ ತತ್ತ್ವಗಳನ್ನೊಳಗೊಂಡ ಅವರ ಜರ್ಮನ್ ಗ್ರಂಥವು ಪ್ರಕಟವಾಯಿತು. ಮುಂದೆ ಅಮೆರಿಕೆಯ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿಯೂ, ವಿಯೆನ್ನಾದಲ್ಲಿಯೂ, 1938ರ ಬಳಿಕ ಹಾರ್ವರ್ಡ್‌ನಲ್ಲಿಯೂ ಬೋಧಿಸಿದರು. ಆದರೂ ಸೂತ್ರವನ್ನು ನೆಚ್ಚಿ ಕೊಠಡಿಯೊಳಗೆ ಕುಳಿತವರಲ್ಲ. ನೆಲವನ್ನು ಕಣ್ಣಾರೆ ಕಂಡಲ್ಲದೆ ತೀರ್ಪು ಕೊಡುತ್ತಿರಲಿಲ್ಲ. ಈಜಿಪ್ಟಿನ ಅಸ್ವಾನ್ ಮಹಾ ಅಣೆಕಟ್ಟಿನ ಸಲಹಾಮಂಡಲಿಗೆ ಅಧ್ಯಕ್ಷರಾಗಿದ್ದು, ಸೋವಿಯತ್ ಇಂಜಿನಿಯರುಗಳೊಡನೆ ಭಿನ್ನಾಭಿಪ್ರಾಯ ತಲೆದೋರಲು, 1959ರಲ್ಲಿ ಆ ಸ್ಥಾನವನ್ನೇ ತೊರೆದರು. ಅಷ್ಟು ದೊಡ್ಡ ಗೌರವವನ್ನು ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ ಬಿಟ್ಟುಕೊಡುವುದು ಸಾಮಾನ್ಯ ಸಂಗತಿಯಲ್ಲ.

1963ರ ಅಕ್ಟೋಬರ್ 25ರಂದು ಅವರು ನಿಧನರಾದರು. ಕೆನಡಾದಲ್ಲಿ, ಕುಗ್ಗುವ ಜೇಡಿಪದರದ ಮೇಲೆ ಅವರ ಮಾರ್ಗದರ್ಶನದಲ್ಲಿ ಎದ್ದ ಮಿಷನ್ ಅಣೆಕಟ್ಟಿಗೆ 1965ರಲ್ಲಿ ಟರ್ಜಾಘಿ ಅಣೆಕಟ್ಟೆಂದು ಹೆಸರಿಡಲಾಯಿತು.